ಬೇಕರ್ ಸ್ಟ್ರೀಟ್ 221ಬಿ: ವಿಳಾಸ ಇರುವ ಪತ್ತೇದಾರ

ಅತ್ತ ಕಡೆ 237. ಇತ್ತ ಕಡೆ 241. ನಡುವಿನ ಮನೆ 239 ಆಗಬೇಕು. ಆದರೆ ಅದರ ಮೇಲೆ ಬರೆದಿರುವುದು 221ಬಿ.

ನಾನು ಮೂವತ್ತಾರು ವರ್ಷ ಅಂಚೆ ಇಲಾಖೆಯಲ್ಲಿ ಇದ್ದವಳು. ಮೊದಲು ಹಾಸನದಲ್ಲಿ ಸಾರ್ಟಿಂಗ್, ಆಮೇಲೆ ಕೌಂಟರ್, ಕೊನೆಗೆ ಒಂದು ಸಣ್ಣ ಊರಲ್ಲಿ ಸಬ್ ಪೋಸ್ಟ್‌ಮಾಸ್ಟರ್. ಯಾವ ಊರಿಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಮನೆ ನಂಬರ್ ಮೇಲೆ. ಲಂಡನ್ನಿನ ಷರ್ಲಾಕ್ ಹೋಮ್ಸ್ ಮ್ಯೂಸಿಯಂ ಮುಂದೆ ನಿಂತಾಗಲೂ ಹಾಗೇ ಆಯಿತು. ಮಗಳಿಗೆ ತೋರಿಸಿದೆ. "ಅಮ್ಮಾ, ಆಮೇಲೆ ನೋಡೋಣ, ನಮ್ಮ ಟೈಮ್ ಆಯ್ತು" ಎಂದಳು. ಟಿಕೆಟ್ ಅವಳೇ ಮುಂಚೆ ಆನ್‌ಲೈನ್‌ನಲ್ಲಿ ತೆಗೆದಿದ್ದಳು. ಆದರೂ ನಾನು ಎರಡು ನಿಮಿಷ ಅಲ್ಲೇ ನಿಂತೆ. ಈ ನಂಬರಿನ ಕಥೆ ಗೊತ್ತಿದ್ದವರು ಯಾರೂ ನಿಲ್ಲದೆ ಹೋಗಲಾರರು.

ಆ ಕಥೆ ಇದು. ಆರ್ಥರ್ ಕಾನನ್ ಡಾಯ್ಲ್ 1887ರಲ್ಲಿ ತಾವು ಕಟ್ಟಿದ ಪತ್ತೇದಾರ ಹೋಮ್ಸ್‌ನ ಮೊದಲ ಕಾದಂಬರಿ ಪ್ರಕಟಿಸಿದರು. ಹೋಮ್ಸ್ ಮತ್ತು ಅವನ ಗೆಳೆಯ ವಾಟ್ಸನ್ ಇರುವುದು ಬೇಕರ್ ಸ್ಟ್ರೀಟ್ 221ಬಿ ಎಂದು ಬರೆದರು. ಆಗ ಆ ರಸ್ತೆಯಲ್ಲಿ ಮನೆ ನಂಬರ್‌ಗಳು ನೂರನ್ನೂ ಮುಟ್ಟುತ್ತಿರಲಿಲ್ಲ. ಅಂದರೆ ಅದು ಇಲ್ಲದ ವಿಳಾಸ. ಆಮೇಲೆ ರಸ್ತೆ ಉದ್ದವಾಯಿತು, ನಂಬರ್ ಬದಲಾದವು, 221 ಅನ್ನುವುದು ನಿಜಕ್ಕೂ ಬಂತು. 1932ರಲ್ಲಿ ಮನೆ ಸಾಲ ಕೊಡುವ ಒಂದು ಸಂಸ್ಥೆ 219ರಿಂದ 229ರವರೆಗಿನ ಜಾಗದಲ್ಲಿ ದೊಡ್ಡ ಕಟ್ಟಡಕ್ಕೆ ಬಂದು ಕೂತಿತು. ಅಬ್ಬೆ ರೋಡ್ ಬಿಲ್ಡಿಂಗ್ ಸೊಸೈಟಿ ಅಂತ ಅದರ ಹೆಸರು. ಬಂದ ಕೂಡಲೇ ಅವರಿಗೆ ಹೋಮ್ಸ್ ಹೆಸರಿಗೆ ಕಾಗದ ಬರತೊಡಗಿದವು. ಎಷ್ಟು ಬಂದವೆಂದರೆ ಉತ್ತರ ಬರೆಯಲೆಂದೇ ಒಬ್ಬ ಸೆಕ್ರೆಟರಿಯನ್ನು ಇಟ್ಟರು. ದಶಕಗಳ ಕಾಲ ಆ ಕೆಲಸ ನಡೆಯಿತು. 1990ರಲ್ಲಿ ಸ್ವಲ್ಪ ಮುಂದಿನ ಮನೆಯಲ್ಲಿ ಈ ಮ್ಯೂಸಿಯಂ ಶುರುವಾದಾಗ, ಕಾಗದ ಯಾರಿಗೆ ಸೇರಬೇಕು ಅಂತ ಎರಡೂ ಕಡೆಯವರ ನಡುವೆ ವರ್ಷಗಟ್ಟಲೆ ಎಳೆದಾಟ ಆಯಿತು. ಆ ಸಂಸ್ಥೆ ಅಲ್ಲಿಂದ ಹೋದ ಮೇಲೆ ಕಾಗದಗಳು ಇಲ್ಲಿಗೆ ಬರುತ್ತವೆ. ಎನ್‌ಡಬ್ಲ್ಯು1 6ಎಕ್ಸ್‌ಇ ಇದರ ಪೋಸ್ಟ್ ಕೋಡ್.

ದೇವರಿಗೆ ಕಾಗದ ಬರುವುದನ್ನು ನಾನು ಜಾಸ್ತಿ ನೋಡಿದ್ದೇನೆ. ನಮ್ಮಲ್ಲಿ ಮದುವೆಯ ಮೊದಲ ಲಗ್ನಪತ್ರಿಕೆ ಹೋಗುವುದೇ ಮನೆದೇವರಿಗೆ. "ಶ್ರೀ ಮಂಜುನಾಥ ಸ್ವಾಮಿ, ಧರ್ಮಸ್ಥಳ" ಅಂತ ಅರಿಶಿನ ಹಚ್ಚಿದ ಲಕೋಟೆಗಳನ್ನು ನನ್ನ ಕೈಯಾರೆ ಸಾರ್ಟ್ ಮಾಡಿದ್ದೇನೆ. ಶಬರಿಮಲೆಗೆ ತನ್ನದೇ ಪಿನ್ ಕೋಡ್ ಇದೆ, 689713. ಅಲ್ಲಿಗೂ ಪತ್ರ, ಮನಿಯಾರ್ಡರ್ ಹೋಗುತ್ತವೆ. ದೇವರ ವಿಷಯ ಬೇರೆ, ಅದು ನಂಬಿಕೆ. ಆದರೆ ಕಥೆಯೊಳಗಿನ ಒಬ್ಬ ಮನುಷ್ಯನಿಗೆ, ಬರೆದವನೇ ಇವನು ಕಟ್ಟಿದ ಪಾತ್ರ ಅಂತ ಹೇಳಿದ ಮೇಲೂ, ಜನ ಸ್ಟ್ಯಾಂಪ್ ಹಚ್ಚಿ ಕಾಗದ ಹಾಕುತ್ತಾರಲ್ಲ! ಆ ಪಾತ್ರದಲ್ಲಿ ಏನಿದೆ? ಇದನ್ನು ತಿಳಿಯಲೆಂದೇ ನಾನು ಮಗಳ ಮನೆಗೆ ಹೋದಾಗ ಈ ಮ್ಯೂಸಿಯಂ ನೋಡಬೇಕು ಅಂತ ಹಟ ಹಿಡಿದದ್ದು.

ಇನ್ನೊಂದು ಕಾರಣವೂ ಇತ್ತು. ನಾನು ಪತ್ತೇದಾರಿ ಕಥೆ ಬರೆಯುತ್ತೇನೆ. ಹುಡುಗಿಯಾಗಿದ್ದಾಗ ಎನ್. ನರಸಿಂಹಯ್ಯನವರ ಕಾದಂಬರಿಗಳನ್ನು ಓದಿ ಬೆಳೆದವಳು. ನಾಲ್ಕನೇ ತರಗತಿವರೆಗೆ ಮಾತ್ರ ಓದಿದ ಅವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಕೇಳಿದರೆ ಈಗಲೂ ನನಗೆ ಸರ್ಕ್ಯುಲೇಟಿಂಗ್ ಲೈಬ್ರರಿಯ ಖಾಕಿ ಹೊದಿಕೆ ನೆನಪಾಗುತ್ತದೆ. ಮೂಲೆ ಮಡಚಿದ ಪುಟ, ಯಾರೋ ಪೆನ್ಸಿಲ್‌ನಲ್ಲಿ ಕೊಲೆಗಾರನ ಹೆಸರಿಗೆ ಗುರುತು ಹಾಕಿರುವುದು, ಎಲ್ಲ. ಕನ್ನಡದಲ್ಲಿ ಅಕ್ಷರ ಕೂಡಿಸಿ ಓದಲು ಕಲಿತ ಎಷ್ಟೋ ಮಂದಿಗೆ ಕಾದಂಬರಿಯ ರುಚಿ ಹತ್ತಿಸಿದವರು ಅವರು. ಆ ಋಣ ದೊಡ್ಡದು.

ನಿವೃತ್ತಿಯ ನಂತರ ನಾನೂ ಒಬ್ಬ ಪತ್ತೇದಾರನನ್ನು ಮಾಡಿದೆ. ಕೆಲಸ ಬಿಟ್ಟ ಸಬ್ ಇನ್ಸ್‌ಪೆಕ್ಟರ್. ತುಂಬಾ ಬುದ್ಧಿವಂತ. ನಾಲ್ಕು ಕಥೆ ಬರೆದು ಗೆಳತಿಯರಿಗೆ ಓದಿ ಹೇಳಿದೆ. ಎಲ್ಲರೂ ಕೊಲೆಯ ಬಗ್ಗೆ ಮಾತಾಡಿದರು, ಸುಳಿವಿನ ಬಗ್ಗೆ ಮಾತಾಡಿದರು. ಅವನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೊನೆಗೆ ಒಬ್ಬಳು ಕೇಳಿದಳು, "ಕೇಸ್ ಮುಗಿದ್ಮೇಲೆ ಇವನು ಮನೆಗೆ ಹೋಗಿ ಏನು ಮಾಡ್ತಾನೆ?" ನನಗೆ ಗೊತ್ತಿರಲಿಲ್ಲ. ಅವನ ಮನೆ ಎಲ್ಲಿದೆ ಅನ್ನುವುದೂ ಗೊತ್ತಿರಲಿಲ್ಲ. ಆ ಪ್ರಶ್ನೆಯನ್ನು ಹೊತ್ತುಕೊಂಡೇ ಬೇಕರ್ ಸ್ಟ್ರೀಟ್‌ಗೆ ಹೋದೆ.

ಮೊದಲು ಬಾಗಿಲು. "ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ" ಕಥೆಯಲ್ಲಿ ಈ ಹೊಸ್ತಿಲ ಮುಂದೆ ಒಂದು ಸಣ್ಣ ಘಟನೆ ನಡೆಯುತ್ತದೆ. ಹೋಮ್ಸ್ ಜೇಬಲ್ಲಿ ಬೀಗದ ಕೈ ಹುಡುಕುತ್ತಿರುತ್ತಾನೆ. ರಸ್ತೆಯಲ್ಲಿ ಹೋಗುತ್ತಿದ್ದ ತೆಳ್ಳಗಿನ ಹುಡುಗನೊಬ್ಬ ಅವನ ಹೆಸರು ಹಿಡಿದು ಶುಭರಾತ್ರಿ ಹೇಳಿ ಮುಂದೆ ಹೋಗುತ್ತಾನೆ. ಈ ದನಿ ಎಲ್ಲೋ ಕೇಳಿದ್ದೇನಲ್ಲ ಅಂದುಕೊಳ್ಳುತ್ತಾನೆ ಹೋಮ್ಸ್. ಅಷ್ಟೇ. ಮಾರನೇ ದಿನ ಗೊತ್ತಾಗುತ್ತದೆ, ಅದು ಗಂಡುವೇಷದ ಐರೀನ್ ಆಡ್ಲರ್. ಯಾರನ್ನು ತಾನು ಮೋಸಗೊಳಿಸಿದೆ ಅಂದುಕೊಂಡಿದ್ದನೋ ಅವಳೇ ಅವನ ಮನೆ ಬಾಗಿಲವರೆಗೆ ಹಿಂಬಾಲಿಸಿ ಬಂದು ಹೋಗಿದ್ದಾಳೆ. ಅವನು ಸೋತ. ಸಣ್ಣ ಕಥೆಗಳ ಸಾಲು ಶುರುವಾದದ್ದೇ ಈ ಸೋಲಿನ ಕಥೆಯಿಂದ, 1891ರ ಜುಲೈಯಲ್ಲಿ, ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ. ಯೋಚಿಸಿ ನೋಡಿ. ಹೊಸ ಪತ್ತೇದಾರನನ್ನು ಸಾವಿರಾರು ಓದುಗರಿಗೆ ಪರಿಚಯಿಸುವ ಹೊತ್ತು. ಬೇರೆ ಯಾರಾದರೂ ಆಗಿದ್ದರೆ ದೊಡ್ಡ ಗೆಲುವು ಕೊಡಿಸುತ್ತಿದ್ದರು. ಡಾಯ್ಲ್ ಸೋಲಿಸಿದರು. ಆ ಕೇಸ್ ತಂದ ಬೊಹೀಮಿಯಾದ ರಾಜ ಬೆಲೆಬಾಳುವ ಉಂಗುರ ಕೊಡಲು ಬಂದರೆ ಹೋಮ್ಸ್ ಬೇಡವೆನ್ನುತ್ತಾನೆ, ಅವಳ ಫೋಟೋ ಕೇಳಿ ಇಸಿದುಕೊಳ್ಳುತ್ತಾನೆ. ಆ ಫೋಟೋದಿಂದಲೇ ಅವನು ನಮ್ಮವನಾದ.

ಮೆಟ್ಟಿಲು ಹತ್ತುವಾಗ ಎಣಿಸಿದೆ. ಹದಿನೇಳು. ಅದೇ ಕಥೆಯಲ್ಲಿ ಹೋಮ್ಸ್ ವಾಟ್ಸನ್‌ಗೆ ಕೇಳುತ್ತಾನೆ, ನೀನು ನೂರಾರು ಸಲ ಈ ಮೆಟ್ಟಿಲು ಹತ್ತಿದ್ದೀಯ, ಎಷ್ಟಿವೆ ಹೇಳು ಅಂತ. ವಾಟ್ಸನ್‌ಗೆ ಗೊತ್ತಿಲ್ಲ. ಕಣ್ಣಿಗೆ ಬೀಳುವುದು ಬೇರೆ, ಗಮನಿಸುವುದು ಬೇರೆ ಅಂತ ಹೇಳಿ ಹದಿನೇಳು ಎನ್ನುತ್ತಾನೆ ಹೋಮ್ಸ್. ನಮ್ಮ ಹಳೆಯ ಪೋಸ್ಟ್‌ಮ್ಯಾನ್‌ಗಳು ಹೀಗೇ. ಬೀಟ್‌ನಲ್ಲಿ ಯಾವ ಮನೆಗೆ ಎಷ್ಟು ಮೆಟ್ಟಿಲು, ಯಾವ ಮನೆಯ ನಾಯಿ ಕಚ್ಚುತ್ತದೆ, ಯಾರ ಮಗ ದುಡ್ಡು ಕಳಿಸುವುದು ನಿಲ್ಲಿಸಿದ್ದಾನೆ, ಎಲ್ಲ ಗೊತ್ತು. ಗಮನಿಸುವವನನ್ನು ಕಂಡರೆ ನಮಗೆ ಗೌರವ. ಡಾಯ್ಲ್‌ಗೂ ಅಂಥ ಒಬ್ಬ ಗುರು ಸಿಕ್ಕಿದ್ದರು. ಎಡಿನ್‌ಬರೊದಲ್ಲಿ ಡಾಕ್ಟರಿ ಓದುವಾಗ ಅವರ ಮೇಷ್ಟ್ರು ಜೋಸೆಫ್ ಬೆಲ್. ರೋಗಿ ಬಾಯಿ ಬಿಡುವ ಮುಂಚೆಯೇ ಅವನ ಕಸುಬು ಏನು, ಎಲ್ಲಿಂದ ಬಂದ ಅಂತ ಹೇಳಿಬಿಡುತ್ತಿದ್ದರಂತೆ. ಹೋಮ್ಸ್‌ನ ಜಾಣತನ ಅಲ್ಲಿಂದ ಬಂತು. ಆದರೆ ಜಾಣತನ ಒಂದಕ್ಕೇ ಯಾರೂ ಕಾಗದ ಬರೆಯುವುದಿಲ್ಲ.

ಮೊದಲ ಮಹಡಿಯ ಮುಂದಿನ ಕೋಣೆ. ಇದೇ ಅವರಿಬ್ಬರ ಬೈಠಕ್. ಫೋಟೋ ನೋಡಿ ದೊಡ್ಡದಿರಬಹುದು ಅಂದುಕೊಂಡಿದ್ದೆ. ನಮ್ಮ ಮನೆಯ ಹಜಾರಕ್ಕಿಂತ ಚಿಕ್ಕದು. ಅದೇ ಚೆನ್ನ. ರಸ್ತೆ ಕಡೆಗೆ ಕಿಟಕಿ. ಮೂಲೆಯಲ್ಲಿ ರಾಸಾಯನಿಕಗಳ ಮೇಜು, ಗಾಜಿನ ನಳಿಕೆಗಳು. ಪಿಟೀಲು. ಗೋಡೆಯಲ್ಲಿ ಗುಂಡು ಹೊಡೆದು ಬರೆದ ವಿ ಮತ್ತು ಆರ್, ಅಂದರೆ ವಿಕ್ಟೋರಿಯಾ ರಾಣಿಯ ಗುರುತು. ಪರ್ಷಿಯನ್ ಚಪ್ಪಲಿ, ಅದರ ತುದಿಯಲ್ಲಿ ಹೊಗೆಸೊಪ್ಪು. "ದಿ ಮಸ್‌ಗ್ರೇವ್ ರಿಚುಯಲ್" ಕಥೆಯ ಶುರುವಿನಲ್ಲಿ ವಾಟ್ಸನ್ ಇದನ್ನೆಲ್ಲ ಹೇಳಿಕೊಂಡು ಗೊಣಗುತ್ತಾನೆ. ಚುರುಟನ್ನು ಕಲ್ಲಿದ್ದಲ ಬುಟ್ಟಿಯಲ್ಲಿ ಇಡುತ್ತಾನೆ ಮಹಾರಾಯ, ಹೊಗೆಸೊಪ್ಪನ್ನು ಚಪ್ಪಲಿಯಲ್ಲಿ ತುರುಕುತ್ತಾನೆ, ಮನೆಯೊಳಗೇ ಗುಂಡು ಹಾರಿಸುತ್ತಾನೆ ಅಂತ. ಕೆಲಸದಲ್ಲಿ ಅಷ್ಟು ಅಚ್ಚುಕಟ್ಟಾದ ಮನುಷ್ಯ, ಮನೆಯಲ್ಲಿ ಹೀಗೆ!

ನಾನು ಜಾಸ್ತಿ ಹೊತ್ತು ನಿಂತದ್ದು ಬೆಂಕಿಗೂಡಿನ ಮುಂದೆ. ಅದರ ಮೇಲಿನ ಹಲಗೆಗೆ ಒಂದು ಚಾಕು ಚುಚ್ಚಿದೆ. ಚಾಕುವಿನ ಕೆಳಗೆ ಕಾಗದಗಳು. ಉತ್ತರ ಬರೆಯದೇ ಉಳಿದ ಕಾಗದಗಳನ್ನು ಹೋಮ್ಸ್ ಹೀಗೆ ಚುಚ್ಚಿ ಇಡುತ್ತಿದ್ದ. ಕಾಗದಗಳ ನಡುವೆ ಆಯುಸ್ಸು ಕಳೆದ ನನಗೆ ಅದನ್ನು ನೋಡಿ ಹೊಟ್ಟೆಯಲ್ಲಿ ಏನೋ ಆಯಿತು. ಇವನು ಕಾಗದ ಎಸೆಯುವವನಲ್ಲ. ಉತ್ತರ ಬರೆಯುವವನೂ ಅಲ್ಲ. ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಂಡಿರುತ್ತಾನೆ. ದಿನಾ ಅದರ ಮುಂದೆ ಕೂತು ಹೊಗೆ ಬಿಡುತ್ತಾನೆ. ಆ ಒಂದು ಚಾಕುವಿನಿಂದ ಅವನ ಸೋಮಾರಿತನ, ಅವನ ಮರ್ಜಿ, ಯಾವ ಕೇಸ್ ತೆಗೆದುಕೊಳ್ಳಬೇಕು ಅನ್ನುವ ಅವನ ಹಟ, ಎಲ್ಲ ಗೊತ್ತಾಗಿಬಿಡುತ್ತದೆ. ಇದನ್ನು ಹೇಳಲು ಡಾಯ್ಲ್‌ಗೆ ಅರ್ಧ ಸಾಲು ಸಾಕಾಯಿತು.

ನಾನು ಅಲ್ಲಿ ಕಂಡುಕೊಂಡದ್ದು ಇದನ್ನೇ. ನಾವು ಬರೆಯುವವರು ಪತ್ತೇದಾರನ ಬುದ್ಧಿಗೆ ತುಂಬಾ ಬೆವರು ಸುರಿಸುತ್ತೇವೆ. ಓದುವವರು ಅವನ ಬುದ್ಧಿಯನ್ನು ಮೆಚ್ಚುತ್ತಾರೆ, ಆಮೇಲೆ ಮರೆಯುತ್ತಾರೆ. ಹೋಮ್ಸ್ ಬಿಡಿಸಿದ ಎಷ್ಟೋ ಕೇಸ್‌ಗಳಲ್ಲಿ ಅಪರಾಧಿ ಯಾರು ಅಂತ ನನಗೂ ನೆನಪಿಲ್ಲ. ನಾಲ್ಕು ಕಾದಂಬರಿ, ಐವತ್ತಾರು ಕಥೆ. ಎರಡೆರಡು ಸಲ ಓದಿದ್ದೇನೆ. ಆದರೆ ಹೊಗೆಸೊಪ್ಪು ಎಲ್ಲಿದೆ ಅಂತ ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ. ಅವನಿಗೆ ಒಂದು ವಿಳಾಸ ಇದೆ. ವಿಳಾಸ ಅಂದರೆ ಬರೀ ರಸ್ತೆ, ನಂಬರ್ ಅಲ್ಲ. ಬಾಗಿಲು ತಟ್ಟಿದರೆ ಯಾರು ತೆಗೆಯುತ್ತಾರೆ, ಅವನು ಯಾವ ಕುರ್ಚಿಯಲ್ಲಿ ಕೂತಿರುತ್ತಾನೆ, ಬಂದವರ ಮುಂದೆ ಏನು ಮಾಡುತ್ತಾನೆ, ಯಾರೂ ಇಲ್ಲದಾಗ ಏನು ಮಾಡುತ್ತಾನೆ. ಅದು ಗೊತ್ತಿದ್ದರೆ ಓದುಗರು ಅವನ ಮನೆಗೆ ಮತ್ತೆ ಮತ್ತೆ ಹೋಗುತ್ತಾರೆ.

ಬೆಂಕಿಗೂಡಿನ ಹತ್ತಿರ ಕುರ್ಚಿ ಎರಡು. ಒಂದಲ್ಲ. ಈ ಎರಡನೇ ಕುರ್ಚಿಯ ಬಗ್ಗೆ ಹೇಳಲೇಬೇಕು. ವಾಟ್ಸನ್ ಅಫ್ಘಾನಿಸ್ತಾನದ ಯುದ್ಧದಲ್ಲಿ, ಮೈವಾಂದ್‌ನಲ್ಲಿ ಗುಂಡೇಟು ತಿಂದು ಬಂದ ಡಾಕ್ಟರ್. ಆರೋಗ್ಯ ಕೆಟ್ಟಿದೆ, ಕೈಯಲ್ಲಿ ಹಣ ಇಲ್ಲ, ಲಂಡನ್ನಿನಲ್ಲಿ ನನ್ನವರು ಅನ್ನುವವರು ಯಾರೂ ಇಲ್ಲ. ಬಾಡಿಗೆ ಹಂಚಿಕೊಳ್ಳಲು ಒಬ್ಬ ಜೊತೆಗಾರ ಬೇಕಾಗಿತ್ತು, ಹೋಮ್ಸ್ ಸಿಕ್ಕ. ಮೊದಲ ಕಾದಂಬರಿಯಲ್ಲಿ ಅವನು ಹೋಮ್ಸ್‌ಗೆ ಏನು ಗೊತ್ತು, ಏನು ಗೊತ್ತಿಲ್ಲ ಅಂತ ಪಟ್ಟಿ ಮಾಡುತ್ತಾನೆ. ಖಗೋಳ ಸೊನ್ನೆ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅನ್ನುವುದೇ ಈ ಮನುಷ್ಯನಿಗೆ ಗೊತ್ತಿಲ್ಲ! ಪಟ್ಟಿ ಮಾಡಿದರೂ ಇವನ ಕಸುಬು ಏನು ಅಂತ ವಾಟ್ಸನ್‌ಗೆ ಅಂದಾಜು ಆಗುವುದಿಲ್ಲ. ಹೊಸ ಬಾಡಿಗೆದಾರನನ್ನು ಪಕ್ಕದ ಮನೆಯವರು ನೋಡುವ ಹಾಗೆ ನಾವೂ ಅವನ ಜೊತೆ ಹೋಮ್ಸ್‌ನನ್ನು ನೋಡುತ್ತೇವೆ.

ಹೋಮ್ಸ್ ತನ್ನ ಕಥೆ ತಾನೇ ಹೇಳಿಕೊಂಡಿದ್ದರೆ ನಾವು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ, ಅಲ್ವಾ? ತಾನು ಜಾಣ ಅಂತ ತಾನೇ ಹೇಳಿಕೊಳ್ಳುವವನ ಹತ್ತಿರ ಯಾರು ಕೂರುತ್ತಾರೆ? ಒಬ್ಬ ಒಳ್ಳೆಯ ಮನುಷ್ಯ ಅವನನ್ನು ಸಹಿಸಿಕೊಂಡಿದ್ದಾನೆ, ಅವನ ಮೇಲೆ ಸಿಟ್ಟಾಗುತ್ತಾನೆ, ಅವನು ಕೊಕೇನ್ ಚುಚ್ಚಿಕೊಂಡಾಗ ಸಂಕಟಪಡುತ್ತಾನೆ. ಆ ಒಳ್ಳೆಯ ಮನುಷ್ಯ ಇಷ್ಟಪಟ್ಟಿದ್ದಾನಲ್ಲ, ಹಾಗಿದ್ದರೆ ಇವನಲ್ಲಿ ಏನೋ ಇದೆ ಅಂತ ನಾವೂ ನಂಬುತ್ತೇವೆ. "ದಿ ಯೆಲ್ಲೋ ಫೇಸ್" ಅಂತ ಒಂದು ಕಥೆ ಇದೆ. ನಾರ್‌ಬರಿ ಅನ್ನುವ ಜಾಗದಲ್ಲಿ ನಡೆದದ್ದು. ಅದರಲ್ಲಿ ಹೋಮ್ಸ್‌ನ ಊಹೆ ಪೂರ್ತಿ ತಪ್ಪು. ಕೊನೆಯಲ್ಲಿ ಅವನು ವಾಟ್ಸನ್‌ಗೆ ಹೇಳುತ್ತಾನೆ, ಮುಂದೆ ನನಗೆ ಅಹಂಕಾರ ಬಂದರೆ, ಇಲ್ಲ ಒಂದು ಕೇಸ್‌ಗೆ ಕೊಡಬೇಕಾದಷ್ಟು ಶ್ರಮ ಕೊಡದೇ ಹೋದರೆ, ನನ್ನ ಕಿವಿಯಲ್ಲಿ ನಾರ್‌ಬರಿ ಅಂತ ಹೇಳಿಬಿಡು. ಈ ಮಾತನ್ನು ಅವನು ಹೇಳಬೇಕಾದರೆ ಪಕ್ಕದಲ್ಲಿ ಒಬ್ಬ ಇರಬೇಕು. ಕೋಣೆಯಲ್ಲಿ ಆ ಎರಡನೇ ಕುರ್ಚಿ ಕಂಡ ತಕ್ಷಣ ನನಗೆ ನೆನಪಾದದ್ದು ಇದೇ ಮಾತು.

ಹಿಂದಿನ ಕೋಣೆ ಹೋಮ್ಸ್ ಮಲಗುವ ಕೋಣೆ. ಅದನ್ನು ಬೇಗ ನೋಡಿದೆ. ಎರಡನೇ ಮಹಡಿಯಲ್ಲಿ ವಾಟ್ಸನ್‌ನ ಕೋಣೆ, ಮಿಸೆಸ್ ಹಡ್ಸನ್ ಕೋಣೆ. ಮಿಸೆಸ್ ಹಡ್ಸನ್ ಅಂದರೆ ಮನೆ ಒಡತಿ. ಅವರ ಮೊದಲ ಹೆಸರು ಡಾಯ್ಲ್ ಎಲ್ಲೂ ಹೇಳಿಲ್ಲ. ನೋಡಲು ಹೇಗಿದ್ದರು ಅಂತಲೂ ಹೇಳಿಲ್ಲ. ಆದರೂ ಅವರನ್ನು ನಾನು ನೋಡಿದ್ದೇನೆ ಅನ್ನಿಸುತ್ತದೆ. ಯಾಕೆ? "ದಿ ಎಂಪ್ಟಿ ಹೌಸ್" ಕಥೆಯಿಂದ. ಶತ್ರು ಎದುರು ಮನೆಯಿಂದ ಗಾಳಿ ಬಂದೂಕು ಹಿಡಿದು ಕಾಯುತ್ತಾನೆ ಅಂತ ಹೋಮ್ಸ್‌ಗೆ ಗೊತ್ತು. ತನ್ನ ಮುಖದ ಮೇಣದ ಬೊಂಬೆ ಮಾಡಿಸಿ ಕಿಟಕಿ ಹತ್ತಿರ ಇಡುತ್ತಾನೆ. ಬೊಂಬೆ ಅಲುಗಾಡದಿದ್ದರೆ ಶತ್ರುವಿಗೆ ಅನುಮಾನ ಬರುತ್ತದೆ. ಅದಕ್ಕೆ ಮಿಸೆಸ್ ಹಡ್ಸನ್ ಕಾಲು ಗಂಟೆಗೊಮ್ಮೆ ಮಂಡಿಯೂರಿ ತೆವಳಿಕೊಂಡು ಹೋಗಿ, ತಮ್ಮ ನೆರಳು ಬೀಳದ ಹಾಗೆ, ಅದನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾರೆ. ಬಂದೂಕಿನ ಎದುರಿಗೇ! ಇಷ್ಟು ಮಾಡಿದ ಹೆಂಗಸಿನ ಬಣ್ಣ, ಎತ್ತರ ನಮಗೆ ಯಾಕೆ ಬೇಕು? ಪೋಷಕ ಪಾತ್ರ ಅಂತ ನಾವು ಬದಿಗೆ ತಳ್ಳುವವರಿಗೆ ಇಂಥ ಒಂದೇ ಒಂದು ಕೆಲಸ ಕೊಟ್ಟರೆ ಸಾಕು, ಅವರು ಉಳಿಯುತ್ತಾರೆ. ಇನ್ನೊಂದು ಕಥೆಯಲ್ಲಿ ವಾಟ್ಸನ್ ಹೇಳುತ್ತಾನೆ, ಹೋಮ್ಸ್ ಕೊಟ್ಟ ಬಾಡಿಗೆಯಲ್ಲಿ ಆ ಮನೆಯನ್ನೇ ಕೊಳ್ಳಬಹುದಿತ್ತು ಅಂತ. ಹೆಂಗಸರು ಬಾಡಿಗೆ ಮನೆ ನೋಡಿಕೊಂಡು ಬದುಕು ನಡೆಸುವುದನ್ನು ಹಾಸನದಲ್ಲೂ ನೋಡಿದ್ದೇನೆ. ಸರಿಯಾಗಿ ಬಾಡಿಗೆ ಕೊಡುವವನ ಎಷ್ಟೋ ತಪ್ಪನ್ನು ಅವರು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ.

ಮೂರನೇ ಮಹಡಿಯಲ್ಲಿ ಕಥೆಗಳ ದೃಶ್ಯಗಳನ್ನು ಮೇಣದ ಬೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಹೋಮ್ಸ್‌ನ ದೊಡ್ಡ ಶತ್ರು ಪ್ರೊಫೆಸರ್ ಮೊರಿಯಾರ್ಟಿ ಕೂಡ ಇದ್ದಾನೆ. ಅಳಿಯ, ಮೊಮ್ಮಗ ಇಬ್ಬರಿಗೂ ಇಷ್ಟವಾದದ್ದು ಇದೇ ಮಹಡಿ. ನನಗೆ ಕೆಳಗಿನ ಕೋಣೆಯೇ ಹೆಚ್ಚು. ಅಲ್ಲಿ ಕುರ್ಚಿ ಖಾಲಿ ಇತ್ತು, ನನ್ನ ಹೋಮ್ಸ್ ಬಂದು ಕೂರಲು ಜಾಗ ಇತ್ತು. ಮುಖ ಕಂಡುಬಿಟ್ಟರೆ ಅದು ಇನ್ನೊಬ್ಬರ ಹೋಮ್ಸ್ ಆಗಿಬಿಡುತ್ತದೆ. ಅವನ ಟೋಪಿಯ ವಿಷಯವನ್ನೇ ನೋಡಿ. ಕೆಳಗಿನ ಅಂಗಡಿಯಲ್ಲಿ ಎಲ್ಲರೂ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವ ಆ ಎರಡು ಕಡೆ ಮೂತಿಯ ಟೋಪಿಗೆ ಡೀರ್‌ಸ್ಟಾಕರ್ ಅನ್ನುತ್ತಾರೆ. ಆ ಹೆಸರು ಡಾಯ್ಲ್‌ನ ಯಾವ ಕಥೆಯಲ್ಲೂ ಇಲ್ಲ. ಪತ್ರಿಕೆಗೆ ಚಿತ್ರ ಬರೆಯುತ್ತಿದ್ದ ಸಿಡ್ನಿ ಪ್ಯಾಜೆಟ್ ಹಾಕಿದ್ದು. ಡಾಯ್ಲ್ ಜಾಗ ಬಿಟ್ಟಿದ್ದರು, ಪ್ಯಾಜೆಟ್ ತುಂಬಿದರು. ಮೊಮ್ಮಗನಿಗೆ ಒಂದು ಟೋಪಿ ಕೊಡಿಸಿದೆ, ಅವನು ಮಲಗುವಾಗಲೂ ಅದನ್ನು ತೆಗೆಯಲಿಲ್ಲ.

ಬೇರೆ ಪತ್ತೇದಾರರನ್ನು ನೆನೆಸಿಕೊಂಡರೂ ಇದೇ. ಪ್ಯಾರಿಸ್ಸಿನ ಮೇಗ್ರೆಗೆ ಆಫೀಸ್ 36 ಕೆ ದೆ ಝೊರ್‌ಫೆವ್ರ್, ಮನೆ ರಿಷಾರ್ ಲೆನ್ವಾರ್ ರಸ್ತೆಯಲ್ಲಿ. ಮನೆಯಲ್ಲಿ ಹೆಂಡತಿ ಅಡುಗೆ ಮಾಡಿಟ್ಟು ಕಾಯುತ್ತಿರುತ್ತಾಳೆ. ವಿಚಾರಣೆ ತಡವಾದರೆ ಪಕ್ಕದ ಹೋಟೆಲಿನಿಂದ ಬಿಯರು, ಸ್ಯಾಂಡ್‌ವಿಚ್ಚು ತರಿಸುತ್ತಾನೆ, ಅಪರಾಧಿಗೂ ಕೊಡುತ್ತಾನೆ. ಕಲ್ಕತ್ತೆಯ ಫೆಲುದಾ 21 ರಜನಿ ಸೇನ್ ರೋಡ್. ಸತ್ಯಜಿತ್ ರೇ 1965ರಲ್ಲಿ ಬರೆಯಲು ಶುರು ಮಾಡಿದರು. ಚಾರ್ಮಿನಾರ್ ಸಿಗರೇಟು, ಪಕ್ಕದಲ್ಲಿ ತೋಪ್‌ಶೆ ಅನ್ನುವ ತಮ್ಮ, ಕಥೆ ಹೇಳುವವನು ಅವನೇ. ಅಗಾಥಾ ಕ್ರಿಸ್ಟಿಯ ಪ್ವಾರೋಗೆ ಬೆಳಗಿನ ತಿಂಡಿಯ ಎರಡು ಮೊಟ್ಟೆ ಒಂದೇ ಅಳತೆ ಇರಬೇಕು. ಇಲ್ಲದಿದ್ದರೆ ತಿನ್ನಲಾಗದು. ಬರೆದ ಕ್ರಿಸ್ಟಿಗೇ ಅವನು ಸಾಕಾಗಿದ್ದ, ಆದರೆ ಓದುಗರು ಬಿಡಲಿಲ್ಲ. ಕೊನೆಗೆ ಅವನು ಸತ್ತಾಗ, 1975ರ ಆಗಸ್ಟ್ 6ರಂದು, ನ್ಯೂಯಾರ್ಕ್ ಟೈಮ್ಸ್ ಮೊದಲ ಪುಟದಲ್ಲಿ ಅವನ ನಿಧನವಾರ್ತೆ ಹಾಕಿತು.

ಹೋಮ್ಸ್‌ನನ್ನೂ ಡಾಯ್ಲ್ ಕೊಂದಿದ್ದರು. ಐತಿಹಾಸಿಕ ಕಾದಂಬರಿ ಬರೆಯಬೇಕು, ಇವನು ಅಡ್ಡ ಬರುತ್ತಾನೆ ಅಂತ ಅವರಿಗೆ ಅನ್ನಿಸಿತ್ತು. 1891ರಲ್ಲೇ ಮುಗಿಸುವ ಯೋಚನೆ ಮಾಡಿದಾಗ ಅವರ ತಾಯಿ ಬೇಡವೆಂದರು. ಆ ತಾಯಿಯ ಮೇಲೆ ನನಗೆ ತುಂಬಾ ಪ್ರೀತಿ. ಆದರೂ 1893ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್‌ಲ್ಯಾಂಡಿನ ರೈಖೆನ್‌ಬಾಕ್ ಜಲಪಾತಕ್ಕೆ ಬೀಳಿಸಿದರು. ಓದುಗರು ಸಿಟ್ಟಿನ ಕಾಗದ ಬರೆದರು, ಪತ್ರಿಕೆಯ ಚಂದಾ ಬಿಟ್ಟರು. ಹತ್ತು ವರ್ಷ ಕಳೆದು 1903ರಲ್ಲಿ ಅವನು ಬದುಕಿ ಬಂದ. ಬಂದು ಎಲ್ಲಿಗೆ ಹೋದ? ಸೀದಾ ಈ ಮನೆಗೆ. ಕೋಣೆ ಇದ್ದ ಹಾಗೇ ಇತ್ತು. ಅದೇ ರಾಸಾಯನಿಕದ ಮೇಜು, ಅದೇ ಚಪ್ಪಲಿ, ಅದೇ ಪಿಟೀಲು. ಕೆಲವು ತಿಂಗಳ ಮಟ್ಟಿಗೆ ಊರು ಬಿಟ್ಟು ಹೋದ ಹಿರಿಮಗ ವಾಪಸ್ ಬಂದಾಗ ಅವನ ಹಾಸಿಗೆ ಹಾಗೇ ಇರುತ್ತದಲ್ಲ, ಹಾಗೆ.

ಹೋಗುವವರಿಗೆ ಒಂದೆರಡು ಮಾತು. ಬೇಕರ್ ಸ್ಟ್ರೀಟ್ ಟ್ಯೂಬ್ ಸ್ಟೇಷನ್‌ನಲ್ಲಿ ಇಳಿಯಿರಿ. ಪ್ಲಾಟ್‌ಫಾರ್ಮ್ ಗೋಡೆಯ ಟೈಲ್ಸ್ ಮೇಲೆ ಪೈಪ್ ಹಿಡಿದ ಹೋಮ್ಸ್‌ನ ನೆರಳಿನ ಚಿತ್ರ ಇದೆ. ಹೊರಗೆ ಮ್ಯಾರಿಲಿಬೋನ್ ರಸ್ತೆಯ ಕಡೆ 1999ರಲ್ಲಿ ನಿಲ್ಲಿಸಿದ ಅವನ ಕಂಚಿನ ಪ್ರತಿಮೆ ಇದೆ. ಅಲ್ಲಿಂದ ನಿಧಾನ ನಡೆದರೂ ಐದು ನಿಮಿಷ. ಮನೆ 1815ರದು, ಮೆಟ್ಟಿಲು ಕಿರಿದು, ಕಡಿದು, ಲಿಫ್ಟ್ ಇಲ್ಲ. ಮಂಡಿ ನೋವಿನವರು ಯೋಚಿಸಿ ಹೋಗಿ. ನಾನು ಪ್ರತಿ ಮಹಡಿಯಲ್ಲೂ ಸ್ವಲ್ಪ ನಿಂತು ಹತ್ತಿದೆ. ಎಲ್ಲ ನೋಡಲು ಒಂದು ಗಂಟೆ ಸಾಕು, ಆದರೆ ಬೆಳಿಗ್ಗೆ ಬೇಗ ಹೋದರೆ ಆ ಮುಂದಿನ ಕೋಣೆಯಲ್ಲಿ ನೆಮ್ಮದಿಯಾಗಿ ನಿಲ್ಲಬಹುದು. ಟಿಕೆಟ್ ದರ ಬದಲಾಗುತ್ತಿರುತ್ತದೆ, ನೋಡಿಕೊಂಡು ಬುಕ್ ಮಾಡಿ. ಕಥೆ ಓದದೇ ಹೋದರೆ ಅದೊಂದು ಹಳೇ ಮನೆ, ಹಳೇ ಸಾಮಾನು ಅಷ್ಟೇ. ನಾನು ಮೇಲೆ ಹೇಳಿದ ನಾಲ್ಕು ಕಥೆಗಳನ್ನಾದರೂ ವಿಮಾನದಲ್ಲಿ ಓದಿಕೊಳ್ಳಿ. ಓದಿ ಹೋದವರಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಪತ್ತೇದಾರಿ ಕಥೆ ಬರೆಯುವ ಆಸೆ ಇರುವವರು ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿರಿ. ಆ ಒಂದು ಕೋಣೆಯಲ್ಲಿ ನಾನು ಆರು ಪುಟ ಬರೆದುಕೊಂಡೆ.

ಆ ರಾತ್ರಿ ಮಗಳ ಮನೆಯಲ್ಲಿ ನನ್ನ ಸಬ್ ಇನ್ಸ್‌ಪೆಕ್ಟರ್‌ಗೆ ಮನೆ ಹುಡುಕಿದೆ. ಅರಸೀಕೆರೆ ಸ್ಟೇಷನ್ ಹಿಂದಿನ ಒಂದು ವಠಾರ. ಎದುರು ಮನೆಯಲ್ಲಿ ರೈಲ್ವೆ ಕ್ಯಾಂಟೀನಿನಲ್ಲಿ ದುಡಿದು ನಿವೃತ್ತರಾದ ಒಬ್ಬ ಹೆಂಗಸು. ರಾತ್ರಿ ಹನ್ನೊಂದರ ಗಾಡಿ ಹೋಗುವ ತನಕ ಅವನಿಗೆ ನಿದ್ದೆ ಬರುವುದಿಲ್ಲ. ಗಾಡಿ ತಡವಾದರೆ ಹೊರಗೆ ಕಟ್ಟೆ ಮೇಲೆ ಕೂರುತ್ತಾನೆ. ಆಕೆ ಒಂದು ಲೋಟ ಮಜ್ಜಿಗೆ ತಂದು ಪಕ್ಕದಲ್ಲಿ ಇಟ್ಟು, ಮಾತಾಡದೆ ಒಳಗೆ ಹೋಗುತ್ತಾರೆ. ಇನ್ನು ಕಥೆ ಹೇಳುವವರು ಆಕೆಯೇ.

ಮಾರನೇ ದಿನ ಒಂದು ಪೋಸ್ಟ್‌ಕಾರ್ಡ್ ಕೊಂಡು ಕನ್ನಡದಲ್ಲಿ ಬರೆದೆ. ಕೆಲಸದಲ್ಲಿದ್ದಾಗ ನನ್ನ ಕೈಗೆ ಒಂದು ಇನ್‌ಲ್ಯಾಂಡ್ ಲೆಟರ್ ಬಂದಿತ್ತು. ವಿಳಾಸದ ಜಾಗದಲ್ಲಿ "ಅಕ್ಕನಿಗೆ, ಅರಳಿಕಟ್ಟೆ ಹತ್ತಿರ, ಹಾಸನ" ಅಂತ ಇತ್ತು, ಅಷ್ಟೇ. ಕಳಿಸಿದವರ ವಿಳಾಸ ಇಲ್ಲ. ನಮ್ಮ ಪೋಸ್ಟ್‌ಮ್ಯಾನ್‌ಗಳು ಊರಲ್ಲಿ ಇದ್ದ ಅರಳಿಕಟ್ಟೆಗಳ ಹತ್ತಿರವೆಲ್ಲ ಕೇಳಿದರು. ಯಾವ ಅಕ್ಕನೂ ಅದು ನನ್ನದು ಎನ್ನಲಿಲ್ಲ. ನಿಯಮದ ಪ್ರಕಾರ ವಾಪಸ್ ಪತ್ರಗಳ ಆಫೀಸಿಗೆ ಕಳಿಸಿದೆವು. ಅಕ್ಷರ ಎಳೆ ಕೈಯದ್ದು, "ಅಕ್ಕ"ದ ಒತ್ತಕ್ಷರ ತಿದ್ದಿ ಬರೆದದ್ದು, ಮುದ್ರೆ ಸಕಲೇಶಪುರದ್ದು, ತಿಂಗಳು ಜೂನ್. ಗೊತ್ತಿರುವ ಸುಳಿವುಗಳನ್ನೆಲ್ಲ ಕಾರ್ಡಿನಲ್ಲಿ ಬರೆದೆ. ಷರ್ಲಾಕ್ ಹೋಮ್ಸ್, 221ಬಿ ಬೇಕರ್ ಸ್ಟ್ರೀಟ್ ಅಂತ ವಿಳಾಸ ಹಾಕಿದೆ. ಪೋಸ್ಟ್ ಕೋಡ್ ಸರಿಯಿದೆಯಾ ಅಂತ ಎರಡು ಸಲ ನೋಡಿ, ಮಗಳ ಮನೆ ಮೂಲೆಯ ಕೆಂಪು ಡಬ್ಬಿಗೆ ಹಾಕಿ ಬಂದೆ.